ಚೆಂಡುಹೂವಿನ ಹೊಲದಲ್ಲಿ ಒಂದು ಹನಿ ರಕ್ತ

ಕಳೆದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಮನೆ ಹುಡುಕಿಕೊಂಡು ಬಂದರು. ನಾನು ನಿವೃತ್ತಳಾದ ಮೇಲೆ ನನ್ನ ಕೆಲಸಕ್ಕೆ ಹೊಸದಾಗಿ ಸೇರಿದವರು. ಕಾಫಿ ಲೋಟ ಕೆಳಗಿಟ್ಟ ಮೇಲೆ ಅವರಲ್ಲಿ ಒಬ್ಬಳು ಕೇಳಿದಳು: "ಆಂಟಿ, ಜನ ರಕ್ತ ಕೊಡಲ್ಲ ಅಂದ್ರೆ ನೀವು ಏನ್ ಮಾಡ್ತಿದ್ರಿ?"

"ಇನ್ನೊಂದು ಸಲ ಹೋಗ್ತಿದ್ದೆ ಕಣಮ್ಮ" ಎಂದೆ. ಅವರಿಗೆ ಅದು ಉತ್ತರ ಅನ್ನಿಸಲಿಲ್ಲ. ಅವರು ಬಸ್ಸು ಹತ್ತಿದ ಮೇಲೆ ಹೇಳಬೇಕಾದದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ನಾಗರತ್ನ. ಊರು ಗುಂಡ್ಲುಪೇಟೆ. ಓದಿದ್ದು ಲ್ಯಾಬ್ ಟೆಕ್ನಿಷಿಯನ್ ಕೋರ್ಸು. ಹೊಲದಲ್ಲಿ ದುಡಿಯುವವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಒಂದು ಸಂಸ್ಥೆಯ ಕ್ಷೇತ್ರ ಕಚೇರಿ ನಮ್ಮ ಊರಿನಲ್ಲಿತ್ತು. ಕಚೇರಿ ಎಂದರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆ, ಒಂದು ಫ್ರಿಜ್ಜು, ಒಂದು ಹಳೆಯ ಜೀಪು. ಕೆಲಸದ ಬಹುಪಾಲು ದಿನಗಳನ್ನು ನಾನು ಅಲ್ಲಿ ಕಳೆಯಲಿಲ್ಲ, ಹೊಲದ ಬದುಗಳ ಮೇಲೆ ಕಳೆದೆ.

ಗುಂಡ್ಲುಪೇಟೆ ಕಡೆಯವರಿಗೆ ಚೆಂಡುಹೂವಿನ ಬಗ್ಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಒಂದು ಮಾತು. ನಮ್ಮಲ್ಲಿ ಅದನ್ನು ಹೆಚ್ಚಾಗಿ ಬೆಳೆಯುವುದು ದೇವರಿಗೂ ಅಲ್ಲ, ಮದುವೆ ಚಪ್ಪರಕ್ಕೂ ಅಲ್ಲ. ಎಕರೆಗಟ್ಟಲೆ ಬೆಳೆದ ಹೂವು ಚೀಲ ಸೇರಿ, ಲಾರಿ ಹತ್ತಿ, ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಬೇಗೂರಿನಿಂದ ಬಂಡೀಪುರದವರೆಗೆ ಹೆದ್ದಾರಿಯ ಎರಡೂ ಕಡೆ ಹಳದಿ, ಕೇಸರಿ. ಕೇರಳದ ಕಾರುಗಳು ನಿಂತು ಫೋಟೊ ತೆಗೆದುಕೊಂಡು ಹೋಗುತ್ತವೆ. ಆ ಗಿಡಕ್ಕೆ ನುಸಿ ಬೀಳುತ್ತದೆ, ಹುಳು ಬೀಳುತ್ತದೆ. ಔಷಧಿ ಹೊಡೆಯದೆ ಆಗುವುದಿಲ್ಲ. ಹೊಡೆಯುವವರು ಗಂಡಸರು. ಹೂ ಬಿಡಿಸುವವರು ಹೆಂಗಸರು. ಹೊಡೆಯುವ ಗಂಡಸರ ಮೈಗೆ ಅದು ಎಷ್ಟು ಸೇರುತ್ತದೆ ಎಂದು ಕೇಳುವವರಿದ್ದರು. ಬಿಡಿಸುವ ಹೆಂಗಸರ ಬಗ್ಗೆ ಕೇಳಿದವರು ಕಡಿಮೆ.

ಆ ಪ್ರಶ್ನೆ ಹಿಡಿದುಕೊಂಡು ಬಂದವರು ಡಾ. ಸುಮಂಗಲಾ. ಮೈಸೂರಿನವರು. ನನಗಿಂತ ಬಹಳ ಚಿಕ್ಕವರು, ಆದರೂ ನನ್ನ ಮೇಲಧಿಕಾರಿ. ಬೀಸುನಡಿಗೆ, ಪುಸ್ತಕದಲ್ಲಿದ್ದ ಹಾಗೆ ಕನ್ನಡ. ತಪ್ಪಾದರೆ ಮುಖ ಗಂಟು ಹಾಕುತ್ತಿದ್ದರು, ಆದರೆ ತಪ್ಪನ್ನು ಯಾರ ತಲೆಗೂ ಕಟ್ಟುತ್ತಿರಲಿಲ್ಲ. ಅಂಥ ಮೇಲಧಿಕಾರಿ ಸಿಕ್ಕರೆ ನೀವು ಪುಣ್ಯವಂತರು ಎಂದುಕೊಳ್ಳಿ.

ಮೊದಲ ಎಡವಟ್ಟು ಮಾತಿನಲ್ಲೇ ಆಯಿತು. ನಮ್ಮ ಪ್ರಶ್ನಾವಳಿಯಲ್ಲಿ 'ಕೀಟನಾಶಕ' ಎಂಬ ಪದವಿತ್ತು. ಅದನ್ನು ಕೇಳಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನಮ್ಮ ಕಡೆ ಅದನ್ನು ಔಷಧಿ ಎಂದೇ ಕರೆಯುವುದು ಎಂದು ನಾನು ಹೇಳಿದೆ. ಡಾಕ್ಟರು ಬದಲಾಯಿಸಿದರು: 'ವಾರಕ್ಕೆ ಎಷ್ಟು ಸಲ ಔಷಧಿ ಬಳಸುತ್ತೀರಿ?' ಮಾರನೆಯ ದಿನ ಮೊದಲು ಸಿಕ್ಕಿದ ಅಜ್ಜಿ ಸೆರಗಿನ ಗಂಟಿನಿಂದ ಗುಳಿಗೆಯ ಹಾಳೆ ತೆಗೆದು ತೋರಿಸಿತು. "ದಿನಾ ಬೆಳಿಗ್ಗೆ ಒಂದು, ರಾತ್ರಿ ಅರ್ಧ. ಒಳ್ಳೆ ಔಸ್ತಿ ಕಣವ್ವ, ಬುಟ್ರ ತಲ ಸುತ್ತದ." ಎರಡನೆಯವಳು ಮಂಡಿನೋವಿನ ಮುಲಾಮಿನ ಬಗ್ಗೆ ಹೇಳಿದಳು. ಡಾ. ಸುಮಂಗಲಾ ಪೆನ್ನು ಮುಚ್ಚಿ ಹೊಲದ ಕಡೆ ತಿರುಗಿ ನಿಂತುಬಿಟ್ಟರು. ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆಂದು ಆಮೇಲೆ ತಿಳಿಯಿತು.

ಹುಳ ಸಾಯಿಸುವುದಕ್ಕೂ ನಮ್ಮನ್ನು ಉಳಿಸುವುದಕ್ಕೂ ಒಂದೇ ಹೆಸರು. ಅವತ್ತು ನಕ್ಕೆವು. ಆದರೆ ಹೆಸರು ಔಷಧಿ ಎಂದಿರುವಾಗ ಅದಕ್ಕೆ ಯಾರು ಹೆದರುತ್ತಾರೆ ಎಂಬ ಯೋಚನೆ ಆಮೇಲೆ ಬಹಳ ದಿನ ನನ್ನನ್ನು ಬಿಡಲಿಲ್ಲ.

ಇನ್ನು ರಕ್ತ. ನರಗಳ ಕೆಲಸಕ್ಕೆ ಬೇಕಾದ ಒಂದು ಕಿಣ್ವ ನಮ್ಮ ರಕ್ತದಲ್ಲಿದೆ. ಕೆಲವು ಬಗೆಯ ಸಿಂಪಡಣೆ ಔಷಧಿ ಮೈಯೊಳಗೆ ಸೇರಿದರೆ ಆ ಕಿಣ್ವ ಕುಗ್ಗುತ್ತದೆ. ಒಬ್ಬೊಬ್ಬರಲ್ಲಿ ಅದು ಒಂದೊಂದು ಮಟ್ಟದಲ್ಲಿರುವುದರಿಂದ ಬೆಳೆ ಶುರುವಾಗುವ ಮುಂಚೆ ಒಮ್ಮೆ ಅಳೆದುಕೊಂಡು, ಹೂ ಬಿಡಿಸುವ ಕಾಲದಲ್ಲಿ ಮತ್ತೆ ಅಳೆದು, ಅವರದನ್ನು ಅವರದರ ಜೊತೆಗೇ ಹೋಲಿಸಬೇಕು. ನಮ್ಮ ಸಂಶೋಧನೆ ಎಂದರೆ ಇಷ್ಟೇ. ಹೇಳುವಾಗ ಸುಲಭ.

ಮೊದಮೊದಲು ತೋಳಿನಿಂದ ರಕ್ತ ತೆಗೆದು, ಸೀಸೆಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಮೈಸೂರಿನ ಪ್ರಯೋಗಾಲಯಕ್ಕೆ ಕಳಿಸಬೇಕಾಗಿತ್ತು. ಒಂದು ದಿನ ಜೀಪು ಕೈಕೊಟ್ಟಿತು. ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೇಗೂರಿನಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ತಾಯಿಯ ಮಡಿಲಲ್ಲಿದ್ದ ಮಗು ಐಸ್‌ಕ್ಯಾಂಡಿ ಬೇಕೆಂದು ಹಟ ಹಿಡಿಯಿತು. "ಒಂದು ಕೊಡಿ ಅಕ್ಕ, ಅಳ್ತಾ ಅದ" ಎಂದಳು ತಾಯಿ. ಒಳಗೆ ರಕ್ತ ಇದೆ ಎಂದೆ. ಅವಳು ಮಗುವನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಕಂಡಕ್ಟರು ಪೆಟ್ಟಿಗೆಯನ್ನು ಮೇಲೆ ಹಾಕಿ ಎಂದ. ಒಪ್ಪಲಿಲ್ಲ. ನಂಜನಗೂಡಿನ ಹತ್ತಿರ ರಸ್ತೆ ಕೆಲಸ ನಡೆಯುತ್ತಿತ್ತು, ಬಿಸಿಲಲ್ಲಿ ಬಸ್ಸು ನಿಂತೇ ನಿಂತಿತು. ಮೈಸೂರು ಮುಟ್ಟುವಾಗ ಐಸೆಲ್ಲ ನೀರಾಗಿ ನನ್ನ ಸೀರೆ ತೊಯ್ದು ಹೋಗಿತ್ತು. ಆ ದಿನದ ಸೀಸೆಗಳಷ್ಟೂ ಕೆಲಸಕ್ಕೆ ಬಾರದೆ ಹೋದವು. ಸೂಜಿಗೆ ಹೆದರಿ ಕಣ್ಣು ಮುಚ್ಚಿಕೊಂಡು ಕೈ ಕೊಟ್ಟ ಹೆಂಗಸರಿಗೆ ಹೋಗಿ "ಮತ್ತೆ ಕೊಡಿ" ಎಂದು ಹೇಗೆ ಕೇಳುವುದು? ಹೋಗಿ ಕೇಳಿದೆವು. ಕೆಲವರು ಕೊಟ್ಟರು. ಕೆಲವರು ಕಂಡ ಕೂಡಲೆ ಕೊಟ್ಟಿಗೆ ಹೊಕ್ಕರು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇಗೂರಿನಾಚೆಯ ಒಂದು ಹಳ್ಳಿಯ ಸಿದ್ದಮ್ಮನ ಮನೆಯ ವಿಷಯ. ಅಲ್ಲಿಗೆ ನಾವು ಹೋದದ್ದು ಎರಡನೆಯ ವರ್ಷದ ಬೆಳೆ ಶುರುವಾಗುವ ಮುಂಚೆ. ಸಿದ್ದಮ್ಮ ಹೂ ಬಿಡಿಸುವ ಹೆಂಗಸರ ಗುಂಪಿಗೆ ಹಿರಿಯಳು. ತಮ್ಮದೂ ಸ್ವಲ್ಪ ಹೊಲವಿತ್ತು. ಮಗ ಮಹೇಶ ಬೇಸಾಯ ನೋಡಿಕೊಳ್ಳುತ್ತಿದ್ದ, ಔಷಧಿಯನ್ನೂ ಅವನೇ ಹೊಡೆಯುತ್ತಿದ್ದ. ಸೊಸೆ ಗೌರಿ ಪಿಯುಸಿ ಓದಿದವಳು, ಮಿತಭಾಷಿ. ಸಿದ್ದಮ್ಮ ಹೂಂ ಎಂದರೆ ಗುಂಪೆಲ್ಲ ಹೂಂ ಎನ್ನುತ್ತದೆಂದು ಊರಲ್ಲಿ ಹೇಳಿದರು. ಸಿದ್ದಮ್ಮ ಹೂಂ ಎನ್ನಲಿಲ್ಲ.

"ಓದ್ಸಲ ಯಾರೋ ಬಂದಿದ್ರು ಕಣವ್ವ" ಎಂದಳು, ಬದುವಿನ ಮೇಲೆ ಕಾಲು ಚಾಚಿ ಎಲೆಗೆ ಸುಣ್ಣ ಸವರುತ್ತ. "ಉಚ್ಚೆ ಕೇಳುದ್ರು, ಕೊಟ್ಟೊ. ಉಗುರು ಕೇಳುದ್ರು, ಕೊಟ್ಟೊ. ತಕ್ಕೊಂಡೋದವ್ರು ಇತ್ತಾಗಿ ತಲ ಆಕ್ನಿಲ್ಲ. ನಮ್ ಉಚ್ಚೆ ಏನಂತು ಅಂತ ಒಬ್ಬನಾರ ಬಂದು ಏಳುದ್ನ?"

ಸುತ್ತಲಿದ್ದವರು ನಕ್ಕರು. ಡಾ. ಸುಮಂಗಲಾ ನಗಲಿಲ್ಲ. "ನಾವು ಬಂದು ಹೇಳ್ತೀವಿ" ಎಂದರು.

"ಅಂಗಂತ ಆಣೆ ಮಾಡೀರಾ?"

"ಆಣೆ ಬೇಡ. ಹೇಳದಿದ್ದರೆ ಮುಂದಿನ ವರ್ಷ ನನ್ನನ್ನು ಊರೊಳಗೆ ಬಿಡಬೇಡಿ."

ಸಿದ್ದಮ್ಮ ಎಲೆ ಬಾಯಿಗೆ ಹಾಕಿಕೊಂಡಳು. ಹಿಂದಿನಿಂದ ಗೌರಿ ಮುಂದೆ ಬಂದಳು. "ನಾ ಕೊಡ್ತಿನಿ ಕಣತ್ತೆ. ಏನಾದದು, ನೋಡನ." ಅತ್ತೆ ತಿರುಗಿ ನೋಡಿದಳು, ಬೇಡ ಎನ್ನಲಿಲ್ಲ. ಗೌರಿಯ ಹಿಂದೆ ಉಳಿದವರೂ ಬಂದರು. ಸಿದ್ದಮ್ಮ ಮಾತ್ರ ಕೈ ಚಾಚಲಿಲ್ಲ. "ನಂದೇನ್ ಬುಡವ್ವ, ಒಣಗಿರ ಮೈ" ಎಂದಳು.

ಆ ಬೆಳೆಗೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಬೆರಳು ಚುಚ್ಚಿ ಒಂದು ಹನಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಅಂಕಿ ತೋರಿಸುವ ಸಣ್ಣ ಯಂತ್ರ ಬಂತು. ಐಸ್ ಪೆಟ್ಟಿಗೆ, ಬಸ್ಸು, ಮೈಸೂರು ಎಲ್ಲ ತಪ್ಪಿತು. ನಾನು ಯಂತ್ರಕ್ಕೆ ಕೈಮುಗಿದೆ. ಆದರೆ ಮೊದಲ ದಿನವೇ ಅದು ಒಬ್ಬಳದೇ ರಕ್ತಕ್ಕೆ ಎರಡು ಸಲ ಎರಡು ಅಂಕಿ ತೋರಿಸಿತು. ಬದುವಿನ ಬಿಸಿಲು ಅದಕ್ಕೆ ಆಗುತ್ತಿರಲಿಲ್ಲ. ನೆರಳಲ್ಲಿಟ್ಟರೂ ಬಿಸಿಗಾಳಿ. ತಂಪು ಜಾಗ ಬೇಕೆಂದು ಊರೆಲ್ಲ ತಿರುಗಿದೆವು. ಕೊನೆಗೆ ಸಿಕ್ಕಿದ್ದು ಸಿದ್ದಮ್ಮನ ಮನೆಯ ಪಡಸಾಲೆ, ಮಣ್ಣಿನ ಗೋಡೆ, ನಾಡಹೆಂಚು.

"ಮಿಷಿನ್ಗೂ ಸೆಕೆ ಆದದಾ?" ಎಂದಳು ಸಿದ್ದಮ್ಮ. "ಇಟ್ಕಳಿ. ಮನ್ಸರ್ಗಂತೂ ಯಾರೂ ತಂಪು ಕೇಳ್ನಿಲ್ಲ."

ಹಾಗೆ ನಾವು ಆ ಮನೆಯೊಳಗೆ ಬಂದೆವು. ಯಂತ್ರ ಬಂದದ್ದರಿಂದ ಇನ್ನೊಂದು ತೊಡಕೂ ಬಂತು. ಮೊದಲು ಅಂಕಿ ಮೈಸೂರಿನಲ್ಲಿ ಹುಟ್ಟುತ್ತಿತ್ತು, ರಕ್ತ ಕೊಟ್ಟವರಿಗೆ ಕಾಣುತ್ತಿರಲಿಲ್ಲ. ಈಗ ಅವರ ಕಣ್ಣೆದುರೇ ಬರುತ್ತದೆ. ಬೆರಳಿಗೆ ಹತ್ತಿ ಒತ್ತಿಕೊಂಡು, ಮೂಗು ಯಂತ್ರಕ್ಕೆ ತಾಗುವ ಹಾಗೆ ಬಗ್ಗಿ, "ನಂದು ಏನ್ ಬಂತಕ್ಕ?" ಎಂದು ಕೇಳುತ್ತಾರೆ. ಅಧ್ಯಯನದ ನಿಯಮ ಏನಿತ್ತೆಂದರೆ, ಅಂಕಿ ತೀರ ಕುಸಿದವರಿಗೆ ಕೂಡಲೆ ಹೇಳಬೇಕು, ಮಿಕ್ಕವರಿಗೆ ಬೆಳೆ ಮುಗಿದ ಮೇಲೆ. ನಾನು "ಆಮೇಲೆ ಹೇಳ್ತೀವಿ" ಎಂದಾಗಲೆಲ್ಲ ಒಳಬಾಗಿಲಲ್ಲಿ ನಿಂತ ಸಿದ್ದಮ್ಮ "ಹೂಂ" ಎಂದು ರಾಗ ಎಳೆಯುತ್ತಿದ್ದಳು.

ಹೂ ಬಿಡಿಸಲು ಶುರುವಾಗಿ ಕೆಲವು ವಾರ ಕಳೆದ ಮೇಲೆ ಗೌರಿಯ ಸರದಿ ಬಂತು. ಬೆರಳು ಒರೆಸುತ್ತಿದ್ದೆ. ಪಡಸಾಲೆಯಲ್ಲಿ ನಾವಿಬ್ಬರೇ. ಅವಳು ತಲೆ ಎತ್ತದೆ ಹೇಳಿದಳು:

"ಅಕ್ಕ, ನಂಗ ಮುಟ್ಟಾಗಿ ಎರಡು ತಿಂಗಳಾಯ್ತು. ಯಾರ್ಗೂ ಏಳ್ನಿಲ್ಲ."

"ನಿನ್ನ ಯಜಮಾನರಿಗೂ?"

"ಇಲ್ಲ. ಓದ್ಸಲನೂ ಅದರ ಮುಂಚಕೂ ಎಲ್ಲರ್ಗೂ ಏಳ್ಬುಟ್ಟಿದ್ದೊ. ಎರಡು ಸಲನೂ ನಿಲ್ನಿಲ್ಲ. ಈ ಸಲ ನಿಂತ್ಕಂಡ ಮ್ಯಾಲ ಏಳನ ಅಂತ."

ನಾನು ಅವಳ ಕೈ ಹಿಡಿದುಕೊಂಡೇ ಇದ್ದೆ. ಹನಿ ಬಿತ್ತು. ಅಂಕಿ ಬಂತು. ಬೆಳೆಗೆ ಮುಂಚಿನ ಅವಳದೇ ಅಂಕಿಗಿಂತ ಕಾಲುಭಾಗಕ್ಕೂ ಹೆಚ್ಚು ಇಳಿದಿತ್ತು. ಎರಡನೆಯ ಸಲ ಹಾಕಿದೆ. ಅಷ್ಟೇ ಬಂತು.

"ಏನಕ್ಕ?" ಎಂದಳು.

ಅವಳ ಬೆರಳಿಗೆ ಹತ್ತಿ ಒತ್ತಿದೆ. "ಸ್ವಲ್ಪ ಇಳಿದಿದೆ ಕಣವ್ವ. ಡಾಕ್ಟರಮ್ಮನ ಹತ್ತಿರ ಮಾತಾಡಬೇಕು. ನೀನು ಹೇಳಿದ್ದನ್ನ ಅವರಿಗೆ ಹೇಳಲಾ?" ಎಂದೆ. ಅವಳು ತಲೆಯಾಡಿಸಿದಳು. "ಅವ್ರಿಗಷ್ಟೇ" ಎಂದಳು.

ಡಾ. ಸುಮಂಗಲಾ ಅಂದೇ ಗೌರಿಯನ್ನು ಹೂವಿನ ಕೆಲಸದಿಂದ ಬಿಡಿಸಬೇಕೆಂದರು. ಆದರೆ ಅವರನ್ನು ಒಂದು ಒಗಟು ಕಾಡುತ್ತಿತ್ತು. ಗೌರಿ ಔಷಧಿ ಹೊಡೆಯುವುದಿಲ್ಲ. ಮಹೇಶ ಹೊಡೆಯುವಾಗ ಹೊಲದಲ್ಲಿ ಇರುವುದೂ ಇಲ್ಲ. ಹಾಗಿದ್ದರೆ ಅವಳ ಮೈಗೆ ಅದು ಇಷ್ಟೊಂದು ಸೇರಿದ್ದು ಯಾವ ದಾರಿಯಿಂದ? "ನಾಳೆ ನಾನೂ ಹೂ ಬಿಡಿಸ್ತೀನಿ" ಎಂದರು. ತಮಾಷೆ ಎಂದುಕೊಂಡೆ. ಬೆಳಿಗ್ಗೆ ನೋಡಿದರೆ ಹಳೆಯ ನೂಲಿನ ಸೀರೆ ಉಟ್ಟು ಜೀಪಿನ ಹತ್ತಿರ ನಿಂತಿದ್ದರು.

ಹೆಂಗಸರು ಅವರಿಗೆ ಕಲಿಸಿಕೊಟ್ಟರು. ಸೀರೆಯ ನೆರಿಗೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದರೆ ಹೊಟ್ಟೆಯ ಮುಂದೆ ಚೀಲದ ಹಾಗೆ ಮಡಿಲಾಗುತ್ತದೆ. ಎರಡು ಕೈಯಲ್ಲೂ ಹೂ ಕಿತ್ತು ಮಡಿಲಿಗೆ ಹಾಕಿಕೊಳ್ಳಬೇಕು. ತುಂಬಿದರೆ ಬದುವಿನಲ್ಲಿರುವ ಗೋಣಿಗೆ ಸುರಿಯಬೇಕು. ಹೊಲದಲ್ಲಿ ಇನ್ನೂ ಇಬ್ಬನಿ. ಹಿಂದಿನ ಸಂಜೆ ಮಹೇಶ ಔಷಧಿ ಹೊಡೆದಿದ್ದ. ಲಾರಿ ಬರುವ ದಿನ ಹೂವಿನಲ್ಲಿ ಹುಳು ಕಾಣಬಾರದೆಂದು ಊರಲ್ಲೆಲ್ಲ ಹಾಗೆಯೇ ಮಾಡುತ್ತಿದ್ದರು. ಡಾಕ್ಟರು ಬಗ್ಗಿ ಬಗ್ಗಿ ಕಿತ್ತರು. ಹೆಂಗಸರು ಎರಡು ಸಾಲು ಮುಗಿಸುವಷ್ಟರಲ್ಲಿ ಅವರು ಅರ್ಧ ಸಾಲು. "ಬಿರ್ಬಿರ್ನೆ ಬನ್ನಿ ಡಾಕ್ಟ್ರೆ, ಲಾರಿ ಓಗ್ಬುಡ್ತದ" ಎಂದು ಸಿದ್ದಮ್ಮ ಕೂಗುತ್ತಿದ್ದಳು.

ಊಟದ ಹೊತ್ತಿಗೆ ಅವರು ನನ್ನನ್ನು ಪಕ್ಕಕ್ಕೆ ಕರೆದು ಸೀರೆಯನ್ನು ಮುಟ್ಟಿ ನೋಡಲು ಹೇಳಿದರು. ಮಡಿಲಿನ ಬಟ್ಟೆ ತೊಯ್ದು ಹೊಟ್ಟೆಗೆ ಅಂಟಿಕೊಂಡಿತ್ತು. ಹೂವಿನ ಹಳದಿ, ಅದರ ಜೊತೆಗೆ ಆ ಘಾಟು.

"ಬೆಳಿಗ್ಗೆಯಿಂದ ಹೀಗೇ ಇದೆ ನಾಗರತ್ನಮ್ಮ. ಒಣಗುತ್ತೆ, ಮತ್ತೆ ನೆನೆಯುತ್ತೆ. ಇವರು ಸಂಜೆ ತನಕ ಇದನ್ನೇ ಉಟ್ಟಿರ್ತಾರೆ." ಬಟ್ಟೆಯನ್ನು ಹೊಟ್ಟೆಯಿಂದ ಬಿಡಿಸಿಕೊಳ್ಳುತ್ತ ಕೇಳಿದರು: "ನಿಮ್ಮ ಕಡೆ ಬಸುರಿಗೆ ಮಡಿಲು ತುಂಬೋದು ಯಾವ ತಿಂಗಳಲ್ಲಿ?"

"ಏಳರಲ್ಲೋ ಒಂಬತ್ತರಲ್ಲೋ" ಎಂದೆ. ಅವರು ಹೊಲದಲ್ಲಿ ಬಗ್ಗಿದ್ದ ಹೆಂಗಸರ ಕಡೆ ನೋಡುತ್ತ ನಿಂತರು. ಪ್ರತಿಯೊಬ್ಬಳ ಮಡಿಲೂ ತುಂಬಿತ್ತು.

ಅಂದು ಸಂಜೆ ಗೌರಿಯನ್ನು ಕೇಳಿದರು: "ಮನೆಯವರಿಗೆ ಹೇಳದೆ ನಿನ್ನ ಕೆಲಸ ಬಿಡಿಸೋದು ಕಷ್ಟ. ನೀನು ಒಪ್ಪಿದರೆ ಮಾತ್ರ ಹೇಳ್ತೀನಿ. ಒಪ್ಪದಿದ್ದರೆ ಬೇರೆ ದಾರಿ ಹುಡುಕೋಣ." ಗೌರಿ ಅತ್ತುಬಿಟ್ಟಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೀವೇ ಏಳಿ. ನಂಗ ಬಾಯಿ ಬರಲ್ಲ" ಎಂದಳು.

ಪಡಸಾಲೆಯಲ್ಲಿ ಸಿದ್ದಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಮಹೇಶ ಬಾಗಿಲಲ್ಲಿ ನಿಂತಿದ್ದ. ಡಾಕ್ಟರು ಎಲ್ಲವನ್ನೂ ಹೇಳಿದರು, ಬಸಿರು, ಅಂಕಿ, ತೊಯ್ದ ಮಡಿಲು. ಬಸಿರು ಎಂದ ಕೂಡಲೆ ಸಿದ್ದಮ್ಮನ ಮುಖ ಅರಳಿತು. ಮಿಕ್ಕದ್ದು ಕೇಳುತ್ತ ಬಂದ ಹಾಗೆ ಆ ಮುಖ ಏನಾಯಿತೆಂದು ಬರೆಯಲಾರೆ.

"ಓದ ಎರಡು ಸಲ ಓಗಿದ್ದೂ ಇದ್ರಿಂದನೆಯಾ?" ಎಂದು ಕೇಳಿದಳು.

"ನನಗೆ ಗೊತ್ತಿಲ್ಲಮ್ಮ."

"ಈ ಮಗೀಗ ಏನಾರ ಆದದಾ?"

"ಅದೂ ಗೊತ್ತಿಲ್ಲ. ಬಸಿರಾದರೆ ಈ ಕಿಣ್ವ ತಾನಾಗಿಯೂ ಸ್ವಲ್ಪ ಇಳಿಯಬಹುದು. ಅದರಿಂದ ಎಷ್ಟು, ಔಷಧಿಯಿಂದ ಎಷ್ಟು ಅಂತ ಬಿಡಿಸಿ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಸದ್ಯಕ್ಕೆ ಯಾರಿಗೂ ಪೂರ್ತಿ ಗೊತ್ತಿಲ್ಲ. ಆದರೆ ದಿನವೂ ಹೊಟ್ಟೆಯ ಮೇಲೆ ಆ ಒದ್ದೆ ಬಟ್ಟೆ ಬೇಡ. ಅಷ್ಟು ಮಾತ್ರ ಖಂಡಿತ."

ಒಲೆಯ ಮೇಲೆ ಏನೋ ಉಕ್ಕುತ್ತಿತ್ತು. ಯಾರೂ ಏಳಲಿಲ್ಲ.

"ಆಸ್ಪತ್ರಗ ಓದಾಗೆಲ್ಲ ಎಲ್ಲ ಗೊತ್ತು ಅನ್ನೋರ್ನೇ ನೋಡಿವ್ನಿ" ಎಂದಳು ಸಿದ್ದಮ್ಮ ನಿಧಾನವಾಗಿ. "ಗೊತ್ತಿಲ್ಲ ಅಂದ ಡಾಕ್ಟ್ರು ನೀವೊಬ್ರೆ ಕಣವ್ವ." ಎದ್ದು ಹೋಗಿ ಗೌರಿಯ ತಲೆ ಸವರಿದಳು. "ನಾಳಿಂದ ಇವ್ಳು ಹೊಲ್ದ ಮಕ ನೋಡ್ಕೂಡ್ದು." ಆಮೇಲೆ ನನ್ನೆದುರು ಬಂದು ಕೂತು ಬೆರಳು ಚಾಚಿದಳು. "ಚುಚ್ಚು. ನಂದೂ ಏನಾಗದ ನೋಡನ. ನಾನೂ ಇದೇ ಮಡ್ಲಲ್ಲಿ ಹೂ ಒತ್ತೋಳೆಯ."

ಮಹೇಶನದು ಬೇರೆಯೇ ಸಂಕಟ. ಮುಂದಿನ ವಾರ ಪಂಪ್‌ಸೆಟ್ ಹತ್ತಿರ ಸಿಕ್ಕಿದವನು ನನ್ನ ಮೇಲೆ ಹರಿಹಾಯ್ದ. "ನಂಗೇನು ಆಸೆಯಾ ಅಕ್ಕ, ಎಡ್ತಿ ಮೈಗ ಇಸ ಉಯ್ಯಕ? ಲಾರಿ ದಿನ ನಾನ್ ಗೊತ್ತ್ ಮಾಡಲ್ಲ. ಹುಳ ಕಂಡ್ರ ಚೀಲನ ಹಂಗೇ ಕೆಳಕ್ ತಳ್ತಾರ. ಔಸ್ತಿ ಒಡೀಬ್ಯಾಡ ಅಂದ್ರ ಬೆಳೆ ಬುಟ್ಬುಡ್ಲಾ?"

ಅವನ ಮಾತನ್ನು ಡಾಕ್ಟರಿಗೆ ಹೇಳಿದೆ. ಅವರು ಕೃಷಿ ಓದಿದ ತಮ್ಮ ಪರಿಚಯದವರೊಬ್ಬರಿಗೆ ಫೋನು ಮಾಡಿದರು, ಮಹೇಶನ ಜೊತೆ ಹೊಲ ಸುತ್ತಿದರು, ಅವನು ಹೇಳಿದ್ದನ್ನು ಕೇಳಿಸಿಕೊಂಡರು. ಅವರಿಬ್ಬರೂ ಮಾತಾಡಿ ಮಾತಾಡಿ ಕಂಡುಕೊಂಡ ಹಾದಿ ಬಹಳ ಸರಳವಾದದ್ದು: ಹೂ ಬಿಡಿಸುವ ಹಿಂದಿನ ಸಂಜೆ ಹೊಡೆಯುವ ಬದಲು, ಬಿಡಿಸಿದ ಮಾರನೆಯ ದಿನ ಹೊಡೆಯುವುದು. ಆಗ ಮುಂದಿನ ಸಲ ಹೆಂಗಸರು ಹೊಲಕ್ಕೆ ಇಳಿಯುವ ಹೊತ್ತಿಗೆ ನಡುವೆ ದಿನಗಳು ಕಳೆದಿರುತ್ತವೆ, ಮಳೆ ಬಿಸಿಲು ಆಗಿರುತ್ತದೆ. "ಒಂದು ಪಟ್ಟೆಗೆ ಮಾತ್ರ ಮಾಡಿ ನೋಡ್ತಿನಿ" ಎಂದ ಮಹೇಶ. ಮಾಡಿದ. ಹುಳು ತುಸು ಹೆಚ್ಚೇ ಇತ್ತು. ಲಾರಿಯವರು ಗೊಣಗಿದರು. ಆದರೆ ಹೂ ತೆಗೆದುಕೊಂಡರು. ಅದರ ಮುಂದಿನ ಸಲ ಅವನು ಇಡೀ ಹೊಲಕ್ಕೆ ಹಾಗೆಯೇ ಮಾಡಿದ. ಪಕ್ಕದ ಹೊಲದವರು ಅವನನ್ನು ಹಂಗಿಸಿದರು, ಆಮೇಲೆ ಅವರಲ್ಲೂ ಒಬ್ಬಿಬ್ಬರು ಶುರುಮಾಡಿದರು. ಎಲ್ಲರೂ ಮಾಡಿದರು ಎಂದು ಬರೆದರೆ ಸುಳ್ಳಾಗುತ್ತದೆ.

ಮಡಿಲಿನ ವಿಷಯವನ್ನು ಸಿದ್ದಮ್ಮ ತಾನೇ ಕೈಗೆತ್ತಿಕೊಂಡಳು. ಹಳೆಯ ಟಾರ್ಪಾಲಿನ ತುಂಡು ಕತ್ತರಿಸಿ, ಎರಡು ಮಡಿಕೆ ಹೊಲಿದು, ಕೊರಳಿಗೆ ನೇತು ಹಾಕುವ ಚೀಲ ಮಾಡಿದಳು. ಮೊದಲ ದಿನ ಹೆಂಗಸರು ಬಿದ್ದು ಬಿದ್ದು ನಕ್ಕರು. "ಸಿದ್ದಕ್ಕ ಕಾಂಗರೂ ಆಗವ್ಳೆ" ಎಂದಳು ಟಿವಿ ನೋಡುವ ಒಬ್ಬಳು. ಆ ಬೆಳೆ ಮುಗಿಯುವುದರೊಳಗೆ ಗುಂಪಿನ ಬಹಳ ಮಂದಿಯ ಕೊರಳಲ್ಲಿ ಚೀಲವಿತ್ತು. ಸೆಕೆಯಾಗುತ್ತದೆ ಎಂದು ಕೆಲವರು ಮಧ್ಯಾಹ್ನ ಬಿಚ್ಚಿಡುತ್ತಿದ್ದರು. ಅದೂ ನಿಜ, ಸೆಕೆ ಆಗುತ್ತಿತ್ತು.

ಬೆಳೆ ಮುಗಿದ ಮೇಲೆ ಡಾ. ಸುಮಂಗಲಾ ಊರಿಗೆ ಬಂದು ಕೂತರು. ಒಬ್ಬೊಬ್ಬರನ್ನೇ ಒಳಗೆ ಕರೆದು ಅವರವರ ಅಂಕಿಯನ್ನು ಅವರವರಿಗೆ ಹೇಳಿದರು. ನಾನು ಬಾಗಿಲು ಕಾಯುತ್ತಿದ್ದೆ. ಹೊರಗೆ ಬಂದವರ ಮುಖ ನೋಡುತ್ತಿದ್ದೆ. ಕೆಲವರಿಗೆ ಗಾಬರಿ, ಕೆಲವರಿಗೆ ನಿರಾಳ. ತನ್ನ ಮೈಯ ಸುದ್ದಿಯನ್ನು ಯಾರೋ ತನಗೆ ತಂದು ಒಪ್ಪಿಸಿದರಲ್ಲ ಎಂಬ ಒಂದು ಗತ್ತು ಮಾತ್ರ ಎಲ್ಲರಲ್ಲೂ ಇತ್ತು. ಆಮೇಲೆ ಆ ಕೆಲಸದ ಬಗ್ಗೆ ಒಂದು ಇಂಗ್ಲಿಷ್ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬಂತು. ಅದರಲ್ಲಿ ಹೆಸರುಗಳಿಲ್ಲ, ಚುಕ್ಕಿಗಳಿರುವ ಒಂದು ಚಿತ್ರವಿದೆ. ಕೆಳಕ್ಕೆ ಇಳಿದು ಮತ್ತೆ ನಿಧಾನವಾಗಿ ಮೇಲೇರಿದ ಒಂದು ಗೆರೆಯನ್ನು ನೋಡಿ ಇವಳೇ ಗೌರಿ ಇರಬೇಕು ಎಂದುಕೊಂಡೆ. ಇರಬಹುದು, ಇಲ್ಲದಿರಬಹುದು. ಡಾಕ್ಟರನ್ನು ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ.

ಗೌರಿಯ ಅಂಕಿ ಮೇಲೇರಿದ್ದಂತೂ ನಿಜ. ತಿಂಗಳಿಗೊಮ್ಮೆ ನಾನು ಹೋದಾಗ ಅವಳು ಬೆರಳು ಒರೆಸಿಕೊಂಡು ಕಾಯುತ್ತಿದ್ದಳು. ಕಾಯಿಲೆ ಬಿಟ್ಟವರು ತೂಕ ನೋಡಿಕೊಳ್ಳುವ ಹಾಗೆ ಯಂತ್ರವನ್ನೇ ನೋಡುತ್ತಿದ್ದಳು. ಐದು ತುಂಬಿತು, ಏಳು ತುಂಬಿತು. ನಾನು ಮನೆಯಲ್ಲಿ ದೀಪ ಹಚ್ಚುವಾಗ ಆ ಹುಡುಗಿಯ ಹೆಸರು ತಾನಾಗಿ ಬರುತ್ತಿತ್ತು. ಸಂಶೋಧನೆ ಮಾಡುವವರು ಹಾಗೆ ಒಬ್ಬರನ್ನು ಹಚ್ಚಿಕೊಳ್ಳಬಾರದೆಂದು ತರಬೇತಿಯಲ್ಲಿ ಹೇಳುತ್ತಾರೆ. ಹೇಳಲಿ. ಅಳತೆ ಮಾಡುವಾಗ ಕಣ್ಣು ನೆಟ್ಟಗಿದ್ದರೆ ಸಾಕು.

ಬಿಸಿಲು ಏರುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಸಿದ್ದಮ್ಮನ ಫೋನು ಬಂತು. "ಚಾಮರಾಜನಗರ ಆಸ್ಪತ್ರೇಲಿವಿ. ಹೆಣ್ಮಗ ಕಣವ್ವ. ಬಾ." ಅಷ್ಟೇ ಹೇಳಿ ಇಟ್ಟುಬಿಟ್ಟಳು. ಮಗು ಹೇಗಿದೆ, ಗೌರಿ ಹೇಗಿದ್ದಾಳೆ, ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಆ ದಾರಿ ನನಗೆ ಎಂದೂ ಅಷ್ಟು ಉದ್ದ ಅನ್ನಿಸಿರಲಿಲ್ಲ.

ವಾರ್ಡಿನಲ್ಲಿ ಗೌರಿ ನಿದ್ದೆ ಹೋಗಿದ್ದಳು. ಮುಖ ಸೊರಗಿತ್ತು, ಉಸಿರು ನೆಮ್ಮದಿಯಾಗಿತ್ತು. ಸಿದ್ದಮ್ಮನ ತೊಡೆಯ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿದ ಮಗು. ನರ್ಸು ತೂಕ ಸರಿಯಿದೆ, ಚೆನ್ನಾಗಿ ಅಳುತ್ತದೆ ಎಂದಳು. ನಾನು ಬಗ್ಗಿ ನೋಡಿದೆ. ಮುಷ್ಟಿ ಬಿಗಿಹಿಡಿದು, ಹುಬ್ಬು ಗಂಟಿಕ್ಕಿಕೊಂಡು ಮಲಗಿತ್ತು. ಥೇಟ್ ಅಜ್ಜಿ.

"ಮಹೇಶ ಎಲ್ಲಿ?" ಎಂದೆ.

"ಎಲ್ಲವ್ನೆ, ನಲ್ಲಿ ತಾವ" ಎಂದಳು ಸಿದ್ದಮ್ಮ. "ಬಂದಾಗಿಂದ ಕೈ ತೊಳೀತಾವ್ನೆ."

ಹೊರಗೆ ಹೋದೆ. ನಲ್ಲಿಯ ಮುಂದೆ ಮಹೇಶ ಸೋಪು ಹಚ್ಚಿಕೊಂಡು ಮೊಣಕೈವರೆಗೆ ಉಜ್ಜುತ್ತಿದ್ದ. ಹೊಸ ಅಂಗಿ ಹಾಕಿದ್ದ, ಅದರ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ನನ್ನನ್ನು ಕಂಡು ನೀರು ನಿಲ್ಲಿಸಿದ. ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿಕೊಂಡ.

"ಮೊನ್ನೆ ಎಲೆಕೋಸ್ಗ ಔಸ್ತಿ ಒಡ್ದಿದ್ದೆ ಅಕ್ಕ" ಎಂದ. "ಎರಡ್ಸಲ ತಾನ ಮಾಡಿವ್ನಿ. ಬಟ್ಟೆನೂ ಬದ್ಲಾಯಿಸ್ದೆ. ಆದ್ರೂ ಉಗುರ್ಸಂದೀಲಿ ವಾಸ್ನೆ ಇದ್ದಂಗೆ ಆಯ್ತದ. ಇನ್ನೂ ಮುಟ್ನಿಲ್ಲ ಮಗೀನ." ಎರಡೂ ಕೈ ನನ್ನ ಮುಂದೆ ಚಾಚಿದ. "ನೀವು ನೋಡಿ. ಎತ್ಕಬೋದಾ?"

ಉಜ್ಜಿ ಉಜ್ಜಿ ಚರ್ಮ ಕೆಂಪಗಾಗಿತ್ತು. ಅಳತೆ ಮಾಡಲು ನನ್ನ ಹತ್ತಿರ ಯಂತ್ರವಿರಲಿಲ್ಲ. ಇದ್ದಿದ್ದರೂ ಅದು ಇದನ್ನು ಅಳೆಯುವ ಯಂತ್ರವಲ್ಲ. ನಾನು ಅವನ ಕೈಗಳನ್ನು ಹಿಡಿದು ಮೂಸಿದೆ. ಬರೀ ಸೋಪಿನ ವಾಸನೆ.

"ಎತ್ಕೊಳ್ಳಪ್ಪ" ಎಂದೆ.

ಒಳಗೆ ಬಂದು ಅಮ್ಮನ ಮುಂದೆ ಮಂಡಿಯೂರಿದ. ಸಿದ್ದಮ್ಮ ಮಗುವನ್ನು ಅವನ ಕೈಗಿಟ್ಟಳು. ಅವನು ಅದನ್ನು ಅಂಗಿಗೆ ತಾಗದ ಹಾಗೆ, ತುಂಬಿದ ತಟ್ಟೆಯನ್ನು ಹಿಡಿದವನಂತೆ, ದೂರ ಹಿಡಿದುಕೊಂಡ. ಮಗು ಕಾಲು ಒದ್ದು ಮುಲುಗಿತು.

"ಯಾಕ್ಲಾ ಅಷ್ಟ್ ದೂರ ಇಡ್ದಿದೈ?" ಎಂದಳು ಸಿದ್ದಮ್ಮ. "ಎದೆಗಾಕಳ್ಲಾ. ಅಪ್ಪ ಕಣ್ಲಾ ನೀನು."

ಅವನು ನನ್ನ ಕಡೆ ನೋಡಿದ. ನಾನು ಹೂಂ ಎಂದೆ. ಆಗ ಎದೆಗೆ ಹಾಕಿಕೊಂಡ.